ಕೊಪ್ಪರಿಗೆ ಮುಳುಗಿದ ಖಣಿ

ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವರ ಮಗ್ಗದ ಮಾತನ್ನೇ ಆಡಿದರು. ಯಾವ ಶೆಡ್ಡಿನಲ್ಲಿದ್ದರು, ಹತ್ತಿಯ ಧೂಳು ಎದೆಗೆ ಹೇಗೆ ಇಳಿಯಿತು, ಕೊನೆಗೆ ಎಷ್ಟು ದಮ್ಮು ಬರುತ್ತಿತ್ತು, ಇದೇ ಮಾತು. ಅವರು ಒಂದು ಕಾಲಕ್ಕೆ ನೀರಿನ ಮನುಷ್ಯರಾಗಿದ್ದರು ಎಂಬುದು ಈಗ ಯಾರಿಗೂ ನೆನಪಿಲ್ಲ. ಮಗಳಿಗೂ ಅರ್ಧವೇ ಗೊತ್ತು. ನಾನು ಅಕಿವಾಟದ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆದರೆ ಬಾಯಿಂದ ಹೇಳಲು ಹೋದರೆ ಅರ್ಧಕ್ಕೇ ನಿಂತುಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ನಾವು ಇಚಲಕರಂಜಿಗೆ ಬಂದದ್ದು ಐವತ್ತೆಂಟರಲ್ಲೋ ಐವತ್ತೊಂಬತ್ತರಲ್ಲೋ. ಚಾಳಿನಲ್ಲಿ ಒಂದೇ ಖೋಲಿ, ಅದಕ್ಕೆ ಒಂದೇ ಬಾಗಿಲು. ಹಿಂದಿನ ಗೋಡೆಯ ಆಚೆಗೆ ಪವರ್‌ಲೂಮಿನ ಶೆಡ್ಡು. ಗೋಡೆಗೆ ಕೈ ಇಟ್ಟರೆ ಅಂಗೈ ನಡುಗುತ್ತಿತ್ತು. ತುಂಬಿಟ್ಟ ತಂಬಿಗೆಯ ನೀರು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಗಂಡ ಹೆಂಡತಿ ಮಾತಾಡಬೇಕಾದರೂ ಒಬ್ಬರ ಬಾಯಿ ಒಬ್ಬರು ನೋಡಬೇಕು. ಅವರು ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಕೂತು, ಹುಬ್ಬಿಗೆ ಅಂಟಿದ ಹತ್ತಿಯ ನವಿರನ್ನು ಒರೆಸಿಕೊಳ್ಳುತ್ತ, ಇಲ್ಲಿ ಉಸಿರು ಹಿಡಿದು ಕೆಲಸ ಮಾಡಬೇಕು, ನೀರಿನಲ್ಲಾದರೆ ಆರಾಮ ಬಿಡುತ್ತಿದ್ದೆ ಅನ್ನುತ್ತಿದ್ದರು. ನೀರಿನೊಳಗೆ ಯಾರು ಉಸಿರು ಬಿಡುತ್ತಾರೆ ಎಂದು ನಾನು ಕೇಳಿದರೆ ನಗುತ್ತಿದ್ದರು.

ಮುಳುಗು ಹಾಕುವುದು ಅವರ ತಂದೆಯಿಂದ ಬಂದ ಕೆಲಸ. ಗಡಹಿಂಗ್ಲಜದ ಹತ್ತಿರ ಅವರ ಊರು. ಬಾವಿಗೆ ಬಿದ್ದ ಕೊಡ, ಹಂಡೆ, ಎಂಜಿನ್ನಿನ ನೀರೆಳೆಯುವ ಕೊಳವೆಯ ತುದಿ, ಏನು ಬಿದ್ದರೂ ತಂದೆಯನ್ನು ಕರೆಯುತ್ತಿದ್ದರು, ಅವರ ನಂತರ ಇವರನ್ನು. ಇಚಲಕರಂಜಿಗೆ ಬಂದ ಮೇಲೂ ವಾರದ ಸೂಟಿಯ ದಿನ ಯಾರಾದರೂ ಸೈಕಲ್ ಹೊಡೆದುಕೊಂಡು ಬಂದು ಚಾಳಿನ ಮುಂದೆ ನಿಲ್ಲುತ್ತಿದ್ದರು. ಕಾಗಲದಿಂದ ಬಂದವರಿದ್ದರು, ಕೊಲ್ಹಾಪುರದಿಂದ ಬಂದವರಿದ್ದರು. ಯಜಮಾನರು ಎಲ್ಲಿ ಹೋದರೂ ನಾನೂ ಹೋಗಬೇಕು. ಏಕೆಂದರೆ ಹಗ್ಗ ನನ್ನದು.

ಈ ಹಗ್ಗದ ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುಳುಗುವವನ ಸೊಂಟಕ್ಕೆ ಒಂದು ಹಗ್ಗ. ಅದರ ಇನ್ನೊಂದು ತುದಿ ಮನೆಯ ಹೆಂಗಸಿನ ಕೈಯಲ್ಲಿ ಇರಬೇಕು. ಮದುವೆಗೆ ಮುಂಚೆ ತಾಯಿ, ಆಮೇಲೆ ಹೆಂಡತಿ. ಕೂಲಿಯವರ ಕೈಗೆ ಕೊಡುವುದಿಲ್ಲ, ಅಣ್ಣತಮ್ಮಂದಿರ ಕೈಗೂ ಕೊಡುವುದಿಲ್ಲ. ನನ್ನ ಅತ್ತೆ ನನಗೆ ಒಲೆ ತೋರಿಸುವುದಕ್ಕಿಂತ ಮೊದಲು ಹಗ್ಗ ಕೊಟ್ಟರು. ಅದು ಹತ್ತಿ ನೂಲಿನ ಹಗ್ಗ. ನಾರಿನ ಹಗ್ಗ ನೀರಲ್ಲಿ ಸೊಂಟ ಕೊರೆಯುತ್ತದೆ ಎಂದು ಇವರು ಶೆಡ್ಡಿನಲ್ಲಿ ಉಳಿದ ನೂಲು ತಂದು ತಾವೇ ಹೊಸೆಯುತ್ತಿದ್ದರು.

ಗಡಿಯಾರ ಇರಲಿಲ್ಲ, ಇದ್ದರೂ ನೋಡುತ್ತಿರಲಿಲ್ಲ. ಅವರು ಉಸಿರು ತುಂಬಿಕೊಂಡು ಇಳಿಯುವಾಗ ನಾನೂ ತುಂಬಿಕೊಳ್ಳಬೇಕು. ನನ್ನದು ಮುಗಿದಾಗ ಬಿಟ್ಟು ಎರಡನೆಯದನ್ನು ಹಿಡಿಯಬೇಕು. ಅದೂ ಮುಗಿಯಿತೆಂದರೆ ಹಗ್ಗವನ್ನು ಒಮ್ಮೆ ಜಗ್ಗಬೇಕು. ಸಾಕು, ಬಾ ಎಂದು ಅದರ ಅರ್ಥ. ನನ್ನ ಎರಡು ಉಸಿರಿಗೆ ಅವರ ಒಂದು ಉಸಿರು, ಅದು ನಮ್ಮ ಅಳತೆ. ಅವರು ಕೆಳಗಿರುವಾಗ ಹಗ್ಗ ಹಿಡಿದವಳು ಯಾರೊಂದಿಗೂ ಮಾತಾಡುವ ಹಾಗಿಲ್ಲ, ಎದ್ದು ನಿಲ್ಲುವ ಹಾಗಿಲ್ಲ. ಮೊದಲ ಸಲ ಕೊಲ್ಹಾಪುರದಲ್ಲಿ, ಎಮ್ಮೆ ಸಾಕಿದವರೊಬ್ಬರ ಹಳೆಯ ಬಾವಿಯ ಕಟ್ಟೆಯ ಮೇಲೆ ಹಾಗೆ ಕೂತಾಗ, ಮುಳುಗಿದವರು ಅವರೋ ನಾನೋ ತಿಳಿಯಲಿಲ್ಲ. ಎದೆ ಒಡೆಯುವಂತಾದರೂ ಕಣ್ಣೆದುರು ಬರೀ ನೀರು. ಅವರಾದರೂ ಕೈಕಾಲು ಬಡಿಯುತ್ತಾರೆ. ನನಗೆ ಬಡಿಯಲು ಏನೂ ಇಲ್ಲ.

ಅವರು ಮುಳುಗು ಕಲಿತದ್ದು ಊರ ಹೊರಗಿನ ಒಂದು ಹಳೆಯ ಕಲ್ಲುಖಣಿಯಲ್ಲಿ. ಎಂದೋ ಕಲ್ಲು ಕಡಿದು ಬಿಟ್ಟದ್ದು, ಬುಗ್ಗೆ ಬಂದು ತುಂಬಿಕೊಂಡಿತ್ತು. ಒಂದು ಬದಿಗೆ ಗಾಡಿ ಇಳಿಯುವಷ್ಟು ಇಳಿಜಾರು, ಅಲ್ಲಿಂದ ನೀರಿನೊಳಗೆ ಅಂಗಳದಷ್ಟು ಅಗಲವಾದ ಹಾಸುಬಂಡೆ. ಮೊಣಕಾಲಿನಿಂದ ಸೊಂಟದ ಮಟ್ಟದವರೆಗೆ ನೀರು, ತಳದ ಕಲ್ಲು ಕಾಣುತ್ತದೆ, ಸಣ್ಣ ಮೀನು ಕಾಲು ಕಚ್ಚುತ್ತವೆ. ಆ ಬಂಡೆ ಒಂದು ಕಡೆ ಕತ್ತರಿಸಿದ ಹಾಗೆ ಮುಗಿಯುತ್ತದೆ. ಅಂಚಿನ ಆಚೆಗೆ ಗೋಡೆ ನೆಟ್ಟಗೆ ಇಳಿಯುತ್ತದೆ. ನೀರಿನ ಆಳವನ್ನು ನಮ್ಮಲ್ಲಿ ಆಳಿನ ಲೆಕ್ಕದಲ್ಲಿ ಹೇಳುತ್ತಾರೆ, ಎರಡಾಳು, ಮೂರಾಳು ಎಂದು. ಅಂಚಿನ ಆಚೆ ಎಷ್ಟಾಳು ಎಂದು ಕೇಳಿದರೆ ಊರವರು ಕೈ ಆಡಿಸಿಬಿಡುತ್ತಿದ್ದರು.

ಅಂಚಿನ ಕೆಳಗೆ ಹೇಗಿರುತ್ತದೆ ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಹಾಸುಬಂಡೆಯ ಮೇಲೆ ನೀರು ಹಸಿರು. ಅಂಚು ದಾಟಿದೊಡನೆ ನೀಲಿ, ಒಂದಾಳು ಇಳಿಯುವುದರೊಳಗೆ ಅದೂ ಕರಗುತ್ತದೆ. ಗೋಡೆಯ ಮೇಲೆ ಉಳಿಯ ಗುರುತುಗಳಿವೆ, ಕೈಯಾಡಿಸಿದರೆ ಪಾಚಿಯ ಕೆಳಗೆ ಸಾಲುಸಾಲು ಸಿಗುತ್ತವೆ. ಕಿವಿ ಒತ್ತಿ ಬರುತ್ತದೆ, ಮೂಗು ಹಿಡಿದು ಗಾಳಿ ಒತ್ತಿದರೆ ಟಪ್ಪನೆ ಬಿಡುತ್ತದೆ. ಮೇಲಿನ ನೀರಿನಲ್ಲಿ ಮೈಯನ್ನು ಕೆಳಗಿಳಿಸಲು ಒದೆಯಬೇಕು. ಒಂದು ಮಟ್ಟ ದಾಟಿದರೆ ಒದೆಯುವುದೇ ಬೇಡ, ಮೈ ಕಲ್ಲಿನಂತೆ ತಾನೇ ಇಳಿಯುತ್ತದೆ. ಅಲ್ಲಿ ತಂಪು, ಸದ್ದಿಲ್ಲ, ಮನಸ್ಸಿಗೆ ಏನೋ ಹಿತ, ಮೇಲೆ ಬರಬೇಕು ಅನ್ನಿಸುವುದೇ ಇಲ್ಲ. 'ಅದಕ್ಕ ನೀ ಬೇಕು' ಅನ್ನುತ್ತಿದ್ದರು. 'ನೀ ಜಗ್ಗಿದಾಗ ನನಗ ಮನಿ ನೆಪ್ಪಾಗ್ತೇತಿ.'

ಮದುವೆಯಾಗಿ ನಾಲ್ಕೈದು ವರ್ಷ ಆಗಿರಬೇಕು. ಮಕ್ಕಳಾಗಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಅವರ ಸೋದರಮಾವನಿಂದ ಕರೆ ಬಂತು. ಮಾವನ ಹೊಲ ಅದೇ ಖಣಿಯ ಪಕ್ಕ, ಅಲ್ಲೇ ಬೆಲ್ಲದ ಗಾಣ. ಹಂಗಾಮು ಶುರುವಾಗುವ ಮುಂಚೆ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಗಾಡಿಯಲ್ಲಿ ಖಣಿಗೆ ಒಯ್ದು, ಬೂದಿ ಹಾಕಿ ತಿಕ್ಕುವುದು ರೂಢಿ. ನಾಲ್ಕು ಜನ ಕಾಲು ಚಾಚಿ ಮಲಗಬಹುದಾದಷ್ಟು ಅಗಲದ ಕಬ್ಬಿಣದ ಕೊಪ್ಪರಿಗೆ. ನಮ್ಮ ಕಡೆ ಹೊಳೆ ಬಂದಾಗ ಇದನ್ನೇ ದೋಣಿ ಮಾಡಿಕೊಂಡು ಜನರನ್ನು ದಾಟಿಸುತ್ತಾರೆ. ಹಾಗಾಗಿ ಕೊಪ್ಪರಿಗೆ ಮತ್ತು ನೀರು ಒಟ್ಟಿಗೆ ಕಂಡರೆ ಯಾರಿಗೂ ಸುಮ್ಮನಿರಲು ಆಗುವುದಿಲ್ಲ. ತಿಕ್ಕಿ ಮುಗಿಸಿದ ಗಾಣದ ಆಳುಗಳು ಅದರಲ್ಲಿ ಹತ್ತಿ ಕೂತು, ಒಬ್ಬ ಇದ್ದಕ್ಕಿದ್ದಂತೆ ಎದ್ದು ನಿಂತು, ಅದು ವಾಲಿ ನೀರು ತುಂಬಿಕೊಂಡು ಅಂಚಿನ ಆಚೆ ಜಾರಿ ಹೋಗಿತ್ತು. ಜನ ಈಜಿ ದಂಡೆಗೆ ಬಂದಿದ್ದರು. ಕಬ್ಬು ಕಡಿದು ಗಾಣದ ಮುಂದೆ ಒಟ್ಟಿತ್ತು. ಕಡಿದ ಕಬ್ಬು ಕಾಯುವುದಿಲ್ಲ.

ಕಾಗಲದಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆಯೇ ಹೋಗಿ ಮುಟ್ಟಿದೆವು. ಮಾವ ಖಣಿಯ ದಂಡೆಯಲ್ಲಿ ಎತ್ತುಗಳನ್ನು ಕಟ್ಟಿ, ಉದ್ದದ ಸರಪಳಿ ಇಟ್ಟುಕೊಂಡು ಕೂತಿದ್ದರು. ಕೊಪ್ಪರಿಗೆಯ ಕಂಠಕ್ಕೆ ಕಬ್ಬಿಣದ ಬಳೆಗಳಿರುತ್ತವೆ. ಒಂದು ಬಳೆಗೆ ಸರಪಳಿಯ ಕೊಕ್ಕೆ ಸಿಗಿಸಿದರೆ ಸಾಕು, ಎತ್ತುಗಳು ಎಳೆಯುತ್ತವೆ. ಮಾವನ ಹೆಂಡತಿಯೂ ಎಲೆ ಅಡಿಕೆ ಹಾಕಿಕೊಂಡು ಬಂದು ನನ್ನ ಹಿಂದೆ ಕೂತರು. ನಾವು ಅವರನ್ನು ಅತ್ತಿ ಅನ್ನುತ್ತಿದ್ದೆವು. ಬಾಯಿ ಸುಮ್ಮನಿರುವ ಹೆಂಗಸಲ್ಲ.

ನಾನು ಹಾಸುಬಂಡೆಯ ಅಂಚಿಗೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಎದ್ದು ನಿಂತ ಒಂದು ಕಲ್ಲಿನ ಮೇಲೆ ಕೂತೆ. ಮೊದಲ ಸಲ ಇಳಿದರು. ನನ್ನ ಮೊದಲ ಉಸಿರು ಬೇಗ ಮುಗಿಯಿತು. ಎರಡನೆಯದು ಅದಕ್ಕಿಂತ ಬೇಗ. ಜಗ್ಗಿದೆ. ಅವರು ಮೇಲೆ ಬಂದು, ಕಲ್ಲು ಹಿಡಿದುಕೊಂಡು, ಕೊಪ್ಪರಿಗೆ ಕಂಡಿತು, ಗೋಡೆಗೆ ಆತು ನಿಂತಿದೆ, ಇನ್ನಷ್ಟು ಹೊತ್ತು ಬೇಕಿತ್ತು ಎಂದರು. ಎರಡನೆಯ ಸಲವೂ ಹಾಗೇ ಆಯಿತು. ಬಳೆ ಕೈಗೆ ತಾಗುವುದರೊಳಗೆ ನಾನು ಜಗ್ಗಿದ್ದೆ. ಅವರು ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ.

'ಇವತ್ತ ನಿನ್ನ ಉಸುರು ಯಾಕ ಗಿಡ್ಡ ಆಗೇತಿ?'

ಹಿಂದಿನಿಂದ ಅತ್ತಿ ಆಳುಗಳಿಗೆಲ್ಲ ಕೇಳುವಂತೆ, 'ಗಂಡನ್ನ ಒಂದ ಗಳಿಗಿ ನೀರಿಗೆ ಬಿಟ್ಟಿರಾಕ ಆಗೂದಿಲ್ಲ ಅಕಿಗೆ, ಮನ್ಯಾಗ ಎಷ್ಟ ಬಿಗಿ ಹಿಡದಿರ್ತಾಳೋ' ಅಂದರು. ಆಳುಗಳು ನಕ್ಕರು. ನಾನು ತಲೆ ತಗ್ಗಿಸಿದೆ. ಮೂರನೆಯ ಸಲ ನನ್ನ ಉಸಿರು ಇನ್ನೂ ಗಿಡ್ಡವಾಯಿತು. ಕಣ್ಣಿಗೆ ಕತ್ತಲೆ ಬಂತು, ಹೇಗೋ ಜಗ್ಗಿದೆ, ಅವರು ಮೇಲೆ ಬಂದರು. ಅತ್ತಿಯ ನಗು ನಿಂತಿತು. ಎದ್ದು ಬಂದು ನನ್ನ ಗದ್ದ ಹಿಡಿದು ಮುಖ ನೋಡಿ, ಹೊರಗೆ ಕೂತು ಎಷ್ಟು ದಿನವಾಯಿತು ಎಂದು ಕಿವಿಯಲ್ಲಿ ಕೇಳಿದರು. ನನಗೇ ಆಗ ಲೆಕ್ಕ ಹತ್ತಿತು. ಇಚಲಕರಂಜಿಯ ಖೋಲಿಯಲ್ಲಿ ಒಂದು ದಿನ ಇನ್ನೊಂದರ ಹಾಗೆಯೇ ಇರುತ್ತಿತ್ತು, ಗಮನಿಸಿರಲಿಲ್ಲ.

ಅತ್ತಿ ನೀರಿನಲ್ಲಿದ್ದ ಅಳಿಯನ ಕಡೆ ತಿರುಗಿ ಹೇಳಿದರು:

'ಅಕಿ ಉಸುರು ಈಗ ಇಬ್ಬರಿಗೆ ಹಂಚಾಕತ್ತೇತೋ ತಮ್ಮಾ. ನಿನಗೆಲ್ಲಿಂದ ಮುಟ್ಟಬೇಕು?'

ಅವರು ತಿಳಿಯದೆ ನೋಡಿದರು. ತಿಳಿದ ಮೇಲೆ ಮುಖಕ್ಕೆ ಎರಡು ಬೊಗಸೆ ನೀರು ಹೊಡೆದುಕೊಂಡರು, ಮೊದಲೇ ತೊಯ್ದ ಮುಖಕ್ಕೆ. ಅವರು ಅಳುತ್ತಿದ್ದರೋ ನಗುತ್ತಿದ್ದರೋ, ಆ ನೀರಿನಲ್ಲಿ ನನಗೆ ಕಾಣಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವನೂ ನಾಳೆ ನೋಡೋಣ ಎಂದರು. ಆದರೆ ಮೂರನೆಯ ಸಲ ಅವರ ಕೈಗೆ ಬಳೆ ತಾಗಿತ್ತು. ಇನ್ನೊಂದೇ ಸಲ ಎಂದರು. ಆಗ ಅತ್ತಿ ಬಸುರಿ ಹೆಂಗಸು ಮುಳುಗುವವನ ಹಗ್ಗ ಹಿಡಿಯುವುದಿಲ್ಲ ಎಂದು ನನ್ನ ಮಣಿಕಟ್ಟಿನಿಂದ ಸುತ್ತು ಬಿಚ್ಚಿದರು. ನಾನು ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿದರು. ಹಗ್ಗವನ್ನು ಮಾವ ತೆಗೆದುಕೊಂಡು ನೀರಿನಲ್ಲಿ ನಿಂತರು. ಮಾವ ಒಳ್ಳೆಯವರು. ಆದರೆ ಅವರ ಕೈ ಎತ್ತು ಹೂಡಿದ ಕೈ. ಹಗ್ಗ ಅಂದರೆ ಎಳೆಯುವುದಕ್ಕೆ ಎಂದಷ್ಟೇ ಆ ಕೈಗೆ ಗೊತ್ತಿತ್ತು. ನನ್ನನ್ನು ದಂಡೆಯ ಮೇಲೆ ಅತ್ತಿಯ ಪಕ್ಕದಲ್ಲಿ ಕೂರಿಸಿದರು.

ಅವರು ಇಳಿದರು. ನಾನು ರೂಢಿಯಂತೆ ಉಸಿರು ಹಿಡಿದೆ. ಮುಗಿಯಿತು, ಮತ್ತೆ ಹಿಡಿದೆ, ಅದೂ ಮುಗಿಯಿತು. ಇನ್ನೊಂದು ಹಿಡಿದೆ, ಇವತ್ತಿನ ಗಿಡ್ಡ ಉಸಿರಿಗೆ ಒಂದು ಹೆಚ್ಚು ಬೇಕೆಂದು. ಅಷ್ಟರಲ್ಲಿ ದಂಡೆಯ ಮೇಲಿದ್ದ ಸರಪಳಿ ಝಲ್ಲೆಂದು ಅಲುಗಿತು. ಕೊಕ್ಕೆ ಸಿಕ್ಕಿತ್ತು. ಆಳುಗಳು ಹೋ ಎಂದರು. ಮಾವ ಬಾ ಎಂದು ಹಗ್ಗ ಜಗ್ಗಿದರು. ಹಗ್ಗ ಬರಲಿಲ್ಲ.

ಮತ್ತೆ ಜಗ್ಗಿದರು. ಇಬ್ಬರು ಆಳುಗಳು ನೀರಿಗಿಳಿದು ಮಾವನ ಹಿಂದೆ ನಿಂತು ಹಗ್ಗಕ್ಕೆ ಕೈ ಹಚ್ಚಿದರು. ಹಗ್ಗ ಗೆರೆ ಎಳೆದ ಹಾಗೆ ಬಿಗಿಯಿತು, ಅದರ ಎಳೆಗಳಿಂದ ನೀರು ಹಿಂಡಿ ತೊಟ್ಟಿಕ್ಕಿತು. ನಾನು ದೂರದಿಂದಲೇ ನೋಡಿದೆ. ಮನುಷ್ಯ ಕಟ್ಟಿಕೊಂಡ ಹಗ್ಗ ಎಷ್ಟು ಬಿಗಿಯಿದ್ದರೂ ನಡುಗುತ್ತದೆ. ಇದು ನಡುಗುತ್ತಿರಲಿಲ್ಲ. ಕಲ್ಲಿಗೆ ಕಟ್ಟಿದಂತೆ ನಿಂತಿತ್ತು. ಆಗ ನನಗೆ ಕೆಳಗಿನದು ಕಂಡ ಹಾಗಾಯಿತು. ಈ ಬದಿಯ ಬಳೆಗೆ ಕೊಕ್ಕೆ ಹಿಡಿಯದೆ ಅವರು ಕೊಪ್ಪರಿಗೆಯ ಹಿಂದೆ, ಅದಕ್ಕೂ ಗೋಡೆಗೂ ನಡುವಿನ ಸಂದಿಗೆ ಹೋಗಿದ್ದಾರೆ. ಹಗ್ಗ ಕೊಪ್ಪರಿಗೆಯ ಕಂಠವನ್ನು ಸುತ್ತಿ ಹೋಗಿದೆ. ಮೇಲಿನವರು ಜಗ್ಗಿದಷ್ಟೂ ಅದು ಅವರ ಸೊಂಟವನ್ನು ಆ ಸಂದಿಗೇ ಒತ್ತುತ್ತದೆ.

'ಮಾಮಾರ, ಜಗ್ಗಬ್ಯಾಡ್ರಿ. ಸಡಲ ಬಿಡ್ರಿ.'

'ಬಿಟ್ರ ಹೊಕ್ಕಾನವಾ ಕೆಳಗ' ಎಂದರು ಮಾವ, ತಿರುಗಿ ನೋಡದೆ. ಅವರ ಕುತ್ತಿಗೆಯ ನರ ಉಬ್ಬಿತ್ತು. ಅವರೂ ತಮ್ಮ ಅಕ್ಕನ ಮಗನನ್ನೇ ಉಳಿಸುತ್ತಿದ್ದರು.

ನಾನು ಏಳಲು ಹೋದೆ. ಅತ್ತಿ ಹಿಂದಿನಿಂದ ಎರಡೂ ತೋಳು ಹಾಕಿ ತಬ್ಬಿ ಹಿಡಿದರು. ನೀರಿಗೆ ಹಾರುತ್ತೇನೆಂದು ಅವರ ಭಯ. ಅಷ್ಟು ಗಟ್ಟಿ ಹೆಂಗಸು. ಅತ್ತಿಯ ತೋಳಿನೊಳಗೆ ನಾನು, ಸಂದಿಯೊಳಗೆ ಅವರು, ಇಬ್ಬರನ್ನೂ ಉಳಿಸುವವರೇ ಹಿಡಿದಿದ್ದರು. ನಾನು ಕಚ್ಚಿದೆನೋ ಪರಚಿದೆನೋ ತಿಳಿಯದು, ಬಿಡಿಸಿಕೊಂಡು ನೀರಿನಲ್ಲಿ ಓಡಿದೆ. ಆ ಮೂವರು ಗಂಡಸರ ಕೈಯಿಂದ ಹಗ್ಗ ಬಿಡಿಸುವ ಶಕ್ತಿ ನನಗಿರಲಿಲ್ಲ. ಅವರ ಮುಂದೆ ಹೋಗಿ, ಅಂಚಿನ ಹತ್ತಿರ ಹಗ್ಗವನ್ನು ಎರಡೂ ಕೈಯಿಂದ ಹಿಡಿದು, ಮೈಯನ್ನು ಪೂರಾ ಆಳದ ಕಡೆಗೆ ಚೆಲ್ಲಿದೆ. ನನ್ನ ಕಾಲು ಬಂಡೆಯಿಂದ ಜಾರಿತು.

ಮಾವ ಹಗ್ಗ ಬಿಟ್ಟು ನನ್ನನ್ನು ಹಿಡಿದರು. ಬಸುರಿ ಹೆಂಗಸು ಕಣ್ಣೆದುರು ಬೀಳುತ್ತಿದ್ದರೆ ಅವರು ಬೇರೇನು ಮಾಡಿಯಾರು. ಹಿಂದಿನ ಇಬ್ಬರ ಅಂಗೈ ಸುಟ್ಟು ಹಗ್ಗ ಅವರ ಕೈಯಿಂದಲೂ ಹೋಯಿತು. ನನ್ನ ಬೆರಳುಗಳನ್ನು ನಾನೇ ತೆರೆದೆ. ಹಗ್ಗದ ಬಾಲ ಹಾವಿನ ಹಾಗೆ ಹಾಸುಬಂಡೆಯ ಮೇಲೆ ಹರಿದು, ಅಂಚು ದಾಟಿ, ನೀಲಿಯೊಳಗೆ ಇಳಿದು ಹೋಯಿತು. ಈಗ ಅವರಿಗೂ ನಮಗೂ ನಡುವೆ ಏನೂ ಇರಲಿಲ್ಲ.

ಆ ಹೊತ್ತು ಎಷ್ಟಿತ್ತೆಂದು ನಾನು ಹೇಳಲಾರೆ. ಅಳೆಯಲು ನನ್ನಲ್ಲಿ ಉಸಿರೇ ಇರಲಿಲ್ಲ.

ಅವರು ನಾವು ನೋಡುತ್ತಿದ್ದ ಕಡೆ ಬರಲಿಲ್ಲ. ಆಚೆಯ ಗೋಡೆಯ ಹತ್ತಿರ, ಮೊದಲು ಬೆನ್ನು, ಆಮೇಲೆ ತಲೆ. ಒಬ್ಬ ಆಳು ಈಜಿ ಹೋಗಿ ಕೂದಲು ಹಿಡಿದು ತಂದ. ಮೂಗಿನಿಂದಲೂ ಬಲಗಿವಿಯಿಂದಲೂ ರಕ್ತ. ಸೊಂಟದಲ್ಲಿ ಹಗ್ಗ ಕೂತ ಜಾಗ ಸುಲಿದು ಬಿಳಿಯಾಗಿತ್ತು. ಕವುಚಿ ಮಲಗಿಸಿ ಒತ್ತಿದರು. ನೀರು ಕಾರಿದರು. ಕೆಮ್ಮಿದರು. ಬದುಕಿದರು.

ಆಮೇಲೆ ಎತ್ತು ಹೂಡಿ ಸರಪಳಿ ಎಳೆದರು. ಕೊಪ್ಪರಿಗೆ ಅಂಚಿಗೆ ಬಂದು ಮಗ್ಗುಲಾಗಿ ನೀರು ಚೆಲ್ಲುತ್ತ ಮೇಲೆ ಬಂತು. ಆಳುಗಳ ಮುಖದಲ್ಲಿ ಒಂದು ಗಳಿಗೆ ಸಂತೋಷ ಕಂಡಿತು. ಯಜಮಾನರು ಅದರ ಕಡೆ ತಿರುಗಲಿಲ್ಲ. ಮಾವನ ಕಂಬಳಿ ಹೊದ್ದು ಕೂತು, ಹಗ್ಗ ಬಿಟ್ಟವರು ಯಾರು ಎಂದು ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ 'ನಾನು' ಎಂದೆ. ಅವರು ತಲೆಯಾಡಿಸಿದರು ಅಷ್ಟೇ.

ಮರುದಿನ ಬಸ್ಸಿನಲ್ಲಿ ಅವರ ಎಡಗಡೆ ಕೂತಿದ್ದೆ. ಬಲಗಿವಿ ಹೋಗಿತ್ತು, ಕಡೆಯವರೆಗೂ ಬರಲಿಲ್ಲ. ಕಾಗಲ ದಾಟಿದ ಮೇಲೆ ತಾವಾಗಿಯೇ ಮಾತು ತೆಗೆದರು. ಹಗ್ಗ ಜಗ್ಗುತ್ತಿರುವಷ್ಟು ಹೊತ್ತು ಮೇಲೆ ನಮ್ಮವರಿದ್ದಾರೆ ಎಂಬ ಧೈರ್ಯ ಇತ್ತಂತೆ. ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ, ಆದರೂ ಧೈರ್ಯ ಇತ್ತು. ಹಗ್ಗ ಸಡಿಲಾಗಿ ಮೈಮೇಲೆ ಬಂದು ಬಿದ್ದಾಗ, ಎಲ್ಲರೂ ಎದ್ದು ಮನೆಗೆ ಹೋದರು ಅನ್ನಿಸಿತಂತೆ.

'ಸಡಲ ಆಗಲಿಲ್ಲಂದ್ರ ನೀವು ಬರ್ತಿರಲಿಲ್ರಿ' ಎಂದೆ.

'ಗೊತ್ತೈತಿ' ಅಂದರು. ಕಿಟಕಿಯ ಕಡೆ ತಿರುಗಿ, 'ಆದ್ರೂ' ಅಂದರು.

ಮತ್ತೆ ಅವರು ನೀರಿಗಿಳಿಯಲಿಲ್ಲ. ಸೈಕಲ್ ಹೊಡೆದು ಬಂದವರನ್ನು ಚಹಾ ಕುಡಿಸಿ ಕಳಿಸಿದರು. ಶೆಡ್ಡಿನಲ್ಲಿ ಒಳಗಿನ ಮಗ್ಗ ಬಿಟ್ಟು ಬಾಗಿಲ ಹತ್ತಿರದ ಮಗ್ಗ ಕೇಳಿ ಹಾಕಿಸಿಕೊಂಡರು. ಅಲ್ಲಿ ಬಿಸಿಲು ಹೊಡೆಯುತ್ತದೆಂದು ಯಾರಿಗೂ ಬೇಕಿರಲಿಲ್ಲ. ಖೋಲಿಯಲ್ಲಿ ಹೊಸ್ತಿಲಿಗೆ ತಲೆಯಿಟ್ಟು, ಮಳೆಗಾಲದಲ್ಲೂ ಬಾಗಿಲು ತೆರೆದೇ ಮಲಗುತ್ತಿದ್ದರು. ಮಳೆಯ ಎರಚಲಿಗೆ ಹಾಸಿಗೆ ತೊಯ್ದರೂ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಬಂದ ವಾರವೇ ಸೊಂಟದ ಉಡದಾರವನ್ನು ಕತ್ತರಿಸಿ ಒಗೆದರು. ಗಂಡಸಿನ ಉಡದಾರ ಹರಿಯುವುದು ಹೆಣವಾದ ಮೇಲೆ. ಊರಿನಿಂದ ನೋಡಲು ಬಂದ ನನ್ನ ಅತ್ತೆ ಅದನ್ನು ಕಂಡು ಎದೆ ಬಡಿದುಕೊಂಡು ಅತ್ತರು, ಹೊಸದು ತಂದುಕೊಟ್ಟರು. ಸೊಂಟಕ್ಕೆ ಏನು ತಾಗಿದರೂ ಉಸಿರು ಕಟ್ಟುತ್ತದೆ ಎಂದು ಅವರು ಕಟ್ಟಿಕೊಳ್ಳಲೇ ಇಲ್ಲ. ನನ್ನ ಮೇಲೆ ಒಂದು ದಿನವೂ ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಆ ಖೋಲಿಯಲ್ಲಿ, ಆ ಸದ್ದಿನಲ್ಲಿ, ಹೇಳದ ಮಾತು ಹೋಗಲು ಜಾಗವೇ ಇರಲಿಲ್ಲ.

ಮಗಳು ಹುಟ್ಟಿ ನಾಲ್ಕಾರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಎರಡನೆಯ ಪಾಳಿಗೆ ಹೋಗುವ ಮುಂಚೆ ಊಟಕ್ಕೆ ಕೂತಿದ್ದರು. ಶೆಡ್ಡಿಗೆ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಅಂಥ ನಿಶ್ಶಬ್ದ ನಮಗೆ ಅಪರೂಪ. ಅವರ ಎಡಗಡೆ ಕೂತು ರೊಟ್ಟಿ ಹಾಕುತ್ತ ಕೇಳಿಬಿಟ್ಟೆ.

'ನಾ ಅವತ್ತ ಬಿಡಸದ ಇದ್ದಿದ್ರ?'

ಅವರು ರೊಟ್ಟಿ ಮುರಿಯುತ್ತಿದ್ದರು. ನಿಲ್ಲಿಸಲಿಲ್ಲ.

'ಸಾಯ್ತಿದ್ದೆ. ಆದ್ರ ಮ್ಯಾಲ ಮಂದಿ ಅದಾರ ಅಂತ ತಿಳದ ಸಾಯ್ತಿದ್ದೆ.'

'ಈಗ?'

'ಈಗ ಬದುಕೀನಲ್ಲ' ಅಂದರು, ಮಲಗಿದ್ದ ಮಗಳ ಕಡೆ ನೋಡಿ. ಆ ನೋಟದಲ್ಲಿ ಪ್ರೀತಿ ಇತ್ತು. ಮಾತಿನಲ್ಲಿ ಇತ್ತೋ ಇಲ್ಲವೋ, ಇಷ್ಟು ವರ್ಷ ಒಟ್ಟಿಗೆ ಬಾಳಿಯೂ ನಾನು ತಿಳಿಯಲಿಲ್ಲ, ಈಗ ಕೇಳಲು ಅವರಿಲ್ಲ.

ಅವರು ಕೆಳಗೆ ಒಬ್ಬರೇ ಇದ್ದಾಗ ನಾನು ಮೇಲೆ, ಅಷ್ಟು ಜನರ ನಡುವೆ, ಒಬ್ಬಳೇ ಇದ್ದೆ. ಅದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಕರೆಂಟು ಬಂದು ಗೋಡೆಯ ಆಚೆಗೆ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಅವರು ನನ್ನ ಬಾಯಿಯ ಕಡೆ ನೋಡಲಿಲ್ಲ. ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದು ಪಾಳಿಗೆ ಹೋದರು.